ಹುಲ್ಲಿನ ಮೇಲೆ ನೇರ ಗೆರೆ

“ಏಳಮ್ಮಾ ಹೆಸ್ಟರ್! ನನ್ನ ವಿಮಾನ ಏನು ಕಿವಿಯಿಂದ ಬಿದ್ದುಹೋದ ಓಲೆನಾ, ಹುಲ್ಲಲ್ಲಿ ಹಾಗೆ ತಡಕಾಡ್ತಿದೀಯ!”

ಮೊದಲು ಲಯನೆಲ್ ಗಾರ್‌ಸ್ಟಾಂಗ್‌ನ ಕೂಗು ಮಂಜಿನಿಂದ ಹೊರಬಂತು, ಆಮೇಲೆ ಅವನ ಹೊಟ್ಟೆ, ಕೊನೆಗೆ ಅವನು. ಸ್ಕಾರ್ನ್‌ಬಿ ಮೈದಾನಕ್ಕೂ, ಅಲ್ಲಿನ ಹ್ಯಾಂಗರಿಗೂ, ಅದರೊಳಗೆ ಇರಬೇಕಾಗಿದ್ದ ಮೇಬಲ್ ಎಂಬ ಸ್ಪಿಟ್‌ಫೈರ್ ವಿಮಾನಕ್ಕೂ ಅವನೇ ಒಡೆಯ.

ಬೆಳಗ್ಗೆ ಟೀ ಗುಡಿಸಲಿನಲ್ಲಿ ತಿಂಡಿಗೆ ಕೂತಿದ್ದಾಗ ಮಂಜಿನೊಳಗೆ ಇಂಜಿನ್ ಗರ್ಜಿಸಿತ್ತು, ಇಂಜಿನಿಯರ್ ಆಲ್ವಿನ್ ‘ಹೋಯ್ತು, ಹೋಯ್ತು’ ಎಂದು ಕೂಗುತ್ತ ಬಂದಿದ್ದ. ಓಡಿಬಂದು ನೋಡಿದರೆ ಹ್ಯಾಂಗರ್ ಖಾಲಿ, ಮಾರಾಟದ ದಿನವೇ ಮೇಬಲ್ ಮಾಯ.

ಹೆಸ್ಟರ್ ಪಿನಕ್ ಏಳಲಿಲ್ಲ. ಒಳ್ಳೆಯ ಸ್ಕರ್ಟಿನ ಮಂಡಿ ಒದ್ದೆಯಾಗಿ ಹೋಗಿತ್ತು, ಇನ್ನು ಎದ್ದರೂ ಅಷ್ಟೇ, ಕೂತರೂ ಅಷ್ಟೇ. ಪೊಲೀಸ್ ಕೆಲಸ ಬಿಟ್ಟ ಮೇಲೆ ಹಳೆಯ ಯುದ್ಧವಿಮಾನಗಳ ವ್ಯಾಪಾರದಲ್ಲಿ ಅವಳು ಹೆಸರು ಮಾಡಿದ್ದಳು. ಮಾರುವವನು ಹೇಳಿದ್ದು ನಿಜವೇ, ಕೊಳ್ಳುವವನಿಗೆ ತೋರಿಸಿದ್ದೇ ಸಿಗುತ್ತದೆಯೇ ಎಂದು ಪರೀಕ್ಷಿಸಿ ಹೇಳುವುದು ಅವಳ ಕಸುಬು.

“ಲಯನೆಲ್, ಬೆಳಗ್ಗೆಯಿಂದ ಎಲ್ಲರೂ ಆಕಾಶ ನೋಡ್ತಿದೀರ. ನೆಲ ಯಾರಾದ್ರೂ ನೋಡಿದ್ರಾ?”

“ಹಾರಿಹೋದದ್ದನ್ನ ನೆಲದಲ್ಲಿ ಯಾಕಮ್ಮ ನೋಡ್ಬೇಕು? ಕದ್ದೋಳು ನಿನ್ನ ಅಕ್ಕನ ಮಗಳು. ಜೋಸ್ಲಿನ್ ಬಿಟ್ರೆ ಮೇಬಲ್‌ನ ಹಾರಿಸೋಕೆ ಈ ಮೈದಾನದಲ್ಲಿ ಯಾರಿಗೆ ಬರುತ್ತೆ? ನೆನ್ನೆ ಪಬ್‌ನಲ್ಲಿ, ಕೊಳ್ಳೋಕೆ ಬಂದೋರ ಮುಂದೇನೇ, ‘ಇವಳನ್ನ ನಾರ್ವೆಗೆ ಕಳಿಸೋಕೆ ನಾನು ಬಿಡಲ್ಲ’ ಅಂತ ಮೇಜು ಗುದ್ದಿ ಎದ್ದು ಹೋದ್ಲು. ಈಗ ಅವಳ ವ್ಯಾನ್ ಖಾಲಿ, ಫೋನ್ ಬಂದ್. ಇನ್ನೇನು ಬೇಕು? ಊಟದ ಹೊತ್ತಿಗೆ ನನ್ನ ವಿಮಾನ ಬರಲಿಲ್ಲ ಅಂದ್ರೆ ಪೊಲೀಸಿಗೆ ಫೋನ್ ಮಾಡ್ತೀನಿ. ಆಮೇಲೆ ಅವಳ ಲೈಸೆನ್ಸ್ ಗತಿ ಏನಾಗುತ್ತೆ ಅಂತ ನಿನಗೇ ಗೊತ್ತು.”

ಹೆಸ್ಟರ್‌ಗೆ ಗೊತ್ತಿತ್ತು. ಕಳ್ಳಿ ಅಂತ ಒಂದು ಸಲ ಹೆಸರು ಬಂದರೆ ಯಾರೂ ಅವಳ ಕೈಗೆ ವಿಮಾನ ಕೊಡುವುದಿಲ್ಲ. ಹಾರಾಟ ಬಿಟ್ಟರೆ ಜೋಸ್ಲಿನ್‌ಗೆ ಬೇರೆ ಬದುಕೇ ಇಲ್ಲ. ಅನ್ನ ಬಿಟ್ಟರೂ ಬಿಟ್ಟಾಳು, ಆಕಾಶ ಬಿಡುವವಳಲ್ಲ.

ಹೆಸ್ಟರ್ ಮತ್ತೆ ಹುಲ್ಲಿನ ಮೇಲೆ ಬಗ್ಗಿದಳು. ಇಬ್ಬನಿ ಕೂತು ಬೂದಿಯ ಬಣ್ಣಕ್ಕೆ ತಿರುಗಿದ್ದ ಹುಲ್ಲಿನ ಮೇಲೆ ಮೂರು ಕಪ್ಪು ಗೆರೆ ಮೂಡಿದ್ದವು. ಎರಡು ಮುಂದಿನ ಚಕ್ರದ್ದು, ನಡುವೆ ಒಂದು ಬಾಲದ ಚಕ್ರದ್ದು. ಹ್ಯಾಂಗರಿನ ಬಾಗಿಲಿಂದ ಹೊರಟು ಯುದ್ಧಕಾಲದ ಕಾಂಕ್ರೀಟ್ ದಾರಿಯವರೆಗೆ ಹೋಗಿ ಅಲ್ಲಿ ಮುಗಿದಿದ್ದವು. ಅಳತೆಪಟ್ಟಿ ಇಟ್ಟು ಎಳೆದ ಹಾಗೆ ನೇರ.

ಪಕ್ಕದಲ್ಲೇ ಹುಲ್ಲು ಕತ್ತರಿಸುವ ಟ್ರ್ಯಾಕ್ಟರಿನ ಗುರುತೂ ಇತ್ತು. ವಾರವಿಡೀ ಮಳೆ ಸುರಿದ ನೆಲವಾದ್ದರಿಂದ ಟ್ರ್ಯಾಕ್ಟರಿನ ಚಕ್ರ ಕೆಸರು ಮೇಲೆಬ್ಬಿಸಿ ಇಳಿದಿತ್ತು. ವಿಮಾನದ ಚಕ್ರ ಹುಲ್ಲನ್ನು ಬಗ್ಗಿಸಿತ್ತು, ಅಷ್ಟೇ. ಹೆಸ್ಟರ್ ಅದನ್ನೂ ನೋಡಿದಳು. ಆದರೆ ನೇರ ಗೆರೆ ಕಂಡ ಖುಷಿಯಲ್ಲಿ ಅದನ್ನು ಅಲ್ಲೇ ಬಿಟ್ಟು ಎದ್ದಳು.

“ಲಯನೆಲ್, ಬಾ, ಟೀ ಕುಡಿಯೋಣ,” ಎಂದಳು. ಅವಳ ಮುಖದ ತುಂಬ ನಗು.

ಟೀ ಗುಡಿಸಲಿನ ಒಳಗೆ ಹಬೆ, ಬೆಣ್ಣೆ, ಸುಟ್ಟ ಬೇಕನ್ನಿನ ವಾಸನೆ. ಕಟ್ಟೆಯ ಹಿಂದೆ ಗುಡಿಸಲಿನ ಒಡತಿ ಡಾರ್ಕಸ್ ಪ್ಲಮ್ಲಿ ಒಣಹಣ್ಣು ಹಾಕಿ ಬೇಯಿಸಿದ ಪ್ಲಮ್ ಬ್ರೆಡ್ ಕೊಯ್ದು ಚೀಸಿನ ಜೊತೆ ತಟ್ಟೆಗೆ ಹಾಕುತ್ತಿದ್ದಳು. ಅದನ್ನು ಅಷ್ಟೇ ಬೇಗ ಖಾಲಿ ಮಾಡುತ್ತಿದ್ದವಳು ನಾರ್ವೆಯಿಂದ ಮೇಬಲ್‌ಳನ್ನು ಕೊಳ್ಳಲು ಬಂದ ರಾಗ್ನಿಲ್ಡ್. ಆಳೆತ್ತರದ ಹೆಂಗಸು, ನಕ್ಕರೆ ಕಿಟಕಿಯ ಗಾಜು ಅದುರುತ್ತಿತ್ತು. ವಿಮಾನ ಕಳೆದುಹೋದ ಬೇಸರ ಅವಳ ಹೊಟ್ಟೆಗೆ ತಲುಪಿರಲಿಲ್ಲ.

“ಈ ವ್ಯಾಪಾರದಲ್ಲಿ ಎಂಥೆಂಥೋರನ್ನ ನೋಡಿದೀನಿ,” ಎಂದಳು ರಾಗ್ನಿಲ್ಡ್, ಗಾರ್‌ಸ್ಟಾಂಗ್‌ನನ್ನು ಕಂಡೊಡನೆ. “ಒಬ್ಬ ರೆಕ್ಕೆ ಇಲ್ಲದ್ದನ್ನ ಮಾರೋಕೆ ಬಂದ. ಇನ್ನೊಬ್ಬ ಬರೀ ಬಾಲ ತೋರಿಸಿ ಪೂರ್ತಿ ವಿಮಾನ ಅಂದ. ನೀನೊಬ್ಬನೇ ಅಪ್ಪಾ, ವಿಮಾನವೇ ಇಲ್ಲದೆ ವಿಮಾನ ಮಾರ್ತಿರೋದು! ಪೊಲೀಸಿಗೆ ಫೋನ್ ಮಾಡಿದ್ಯಾ?”

“ಮಾಡ್ತೀನಿ. ಊಟದ ಹೊತ್ತಿಗೆ.” ಗಾರ್‌ಸ್ಟಾಂಗ್ ಫೋನ್ ತೆಗೆದ, ನೋಡಿದ, ಮತ್ತೆ ಜೇಬಿಗಿಟ್ಟ.

“ಬೆಳಗ್ಗೆಯಿಂದ ತೆಗೀತಾನೆ, ಇಡ್ತಾನೆ,” ಎಂದು ರಾಗ್ನಿಲ್ಡ್ ಡಾರ್ಕಸ್‌ಗೆ ಕಣ್ಣು ಮಿಟುಕಿಸಿದಳು. “ಬೆರಳಲ್ಲಿ ನೋವಿರಬೇಕು, ಪಾಪ.”

ಹೆಸ್ಟರ್ ಕಟ್ಟೆಯ ಮೇಲಿದ್ದ ದೊಡ್ಡ ಟ್ರೇ ಎತ್ತಿ ರಾಗ್ನಿಲ್ಡ್ ಕೈಗೆ ಕೊಟ್ಟಳು. “ನೀನು ಸ್ಪಿಟ್‌ಫೈರ್ ಹಾರಿಸಿದೋಳಲ್ವಾ? ಹಾರೋಕೆ ಮುಂಚೆ ನೆಲದ ಮೇಲೆ ಹೇಗೆ ನಡೆಸ್ತೀಯ? ಇದೇ ಅದರ ಮೂಗು ಅಂದ್ಕೋ. ಎಲ್ಲರೂ ನೋಡ್ಲಿ.”

ಅಷ್ಟು ಹೇಳಿದ್ದೇ ಸಾಕು. ರಾಗ್ನಿಲ್ಡ್ ಟ್ರೇಯನ್ನು ಮುಖಕ್ಕೆ ಅಡ್ಡ ಹಿಡಿದು, ತುಟಿ ಅದುರಿಸಿ ಇಂಜಿನ್ ಸದ್ದು ಮಾಡುತ್ತ ಕುರ್ಚಿಗಳ ನಡುವೆ ಹೊರಟಳು. ಎಡಕ್ಕೆ ತಿರುಗಿ ಟ್ರೇಯ ಅಂಚಿನಿಂದ ಇಣುಕಿದಳು, ಬಲಕ್ಕೆ ತಿರುಗಿ ಇಣುಕಿದಳು, ಮತ್ತೆ ಎಡಕ್ಕೆ. “ಮುಂದೆ ಬರೀ ಮೂಗು ಕಣ್ರೇ, ದಾರಿನೇ ಕಾಣಲ್ಲ! ಹೀಗೆ ಹಾವಿನ ಥರ ಹೋಗ್ಬೇಕು. ನೇರ ಹೋದ್ರೆ ಯಾರನ್ನಾದ್ರೂ...” ಅನ್ನುವಷ್ಟರಲ್ಲಿ ಟ್ರೇ ಗಾರ್‌ಸ್ಟಾಂಗ್‌ನ ಹೊಟ್ಟೆಗೆ ಬಡಿಯಿತು.

“...ಇಗೋ, ಹೀಗಾಗುತ್ತೆ!”

ಡಾರ್ಕಸ್ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ರಾಗ್ನಿಲ್ಡ್ ಮಾತ್ರ ನಗು ನಿಲ್ಲಿಸಿ ಟ್ರೇ ಇಳಿಸಿದಳು.

“ಹೆಸ್ಟರ್, ಹುಲ್ಲಿನ ಮೇಲಿನ ಗುರುತು ಹೇಗಿದೆ?”

“ನೇರ.”

“ಅಯ್ಯೋ ದೇವರೇ! ಹಾಗಾದ್ರೆ ಮೇಬಲ್ ಒಳಗೆ ಯಾರೂ ಕೂತೇ ಇರ್ಲಿಲ್ಲ. ಅದನ್ನ ಎಳ್ಕೊಂಡು ಹೋಗಿದಾರೆ!”

“ಎಳ್ಕೊಂಡು ಹೋದದ್ದು ಹಾರಲ್ಲ,” ಎಂದಳು ಹೆಸ್ಟರ್. “ಟ್ರ್ಯಾಕ್ಟರ್ ಎಷ್ಟು ದೂರ ಹೋದೀತೋ ಅಷ್ಟರೊಳಗೇ ಎಲ್ಲೋ ಇದೆ. ಜೋಸ್ಲಿನ್ ಎಲ್ಲಿದಾಳೋ ನನಗೆ ಗೊತ್ತಿಲ್ಲ. ಆದ್ರೆ ಬೆಳಗ್ಗೆ ಅವಳು ವಿಮಾನ ಕದ್ದು ಹಾರಲಿಲ್ಲ.”

“ನೇರವಾ?” ಎಂದ ಗಾರ್‌ಸ್ಟಾಂಗ್. ಅವನ ದೊಡ್ಡ ದನಿ ಎಲ್ಲಿ ಹೋಯಿತೋ. ಖುಷಿ ಪಡಬೇಕಾದವನು ಕುರ್ಚಿ ಹುಡುಕಿಕೊಂಡು ಕೂತ.

“ಹಾಗಾದ್ರೆ ನಾವೆಲ್ಲ ಕೇಳಿದ್ದು ಏನು ಚಿನ್ನ?” ಎಂದಳು ಡಾರ್ಕಸ್. “ನನ್ನ ಕಪ್ಪುಗಳೆಲ್ಲ ಗಡಗಡ ಅಂದ್ವು.”

“ಕೇಳಿದ್ದು ಇಂಜಿನ್. ಅದಕ್ಕೆ ರೆಕ್ಕೆ ಕಟ್ಟಿ ಹಾರಿಸಿದೋರು ನೀವು. ಡಾರ್ಕಸ್, ಇಲ್ಲಿಂದ ಹೊರಟ ಪೈಲಟ್ ಮೊದಲು ಏನು ಮಾಡ್ತಾನೆ?”

“ನನ್ನ ಛಾವಣಿ ಮೇಲೆ ಬಂದು ರೆಕ್ಕೆ ಅಲ್ಲಾಡಿಸ್ತಾನೆ. ಟೀಗೆ ಥ್ಯಾಂಕ್ಸ್ ಅಂತ. ಎಲ್ಲರೂ ಮಾಡ್ತಾರೆ. ಜೋಸ್ಲಿನ್ ಅಂತೂ ಹೆಂಚು ಹಾರಿಹೋಗೋ ಹಾಗೆ ಮಾಡ್ತಾಳೆ.” ಡಾರ್ಕಸ್ ಕೈಯಲ್ಲಿ ಚಾಕು ಹಾಗೇ ನಿಂತಿತು. “ಇವತ್ತು ಮಾಡ್ಲಿಲ್ಲ! ಅದಕ್ಕೇ ನನಗೆ ಬೆಳಗ್ಗೆಯಿಂದ ಒಂಥರಾ ಬೇಜಾರು, ಯಾಕೆ ಅಂತ ಗೊತ್ತಾಗಿರ್ಲಿಲ್ಲ ನೋಡು. ಈ ಬೇಜಾರಿನ ಜೊತೆ ಆ ಡೇರೆ ಬೇರೆ. ಮಧ್ಯಾಹ್ನ ನಾಲ್ಕೂ ಕಡೆಯ ಮೈದಾನದಿಂದ ಹಾರಿಬರೋ ಅತಿಥಿಗಳಿಗೆ ಊಟ ಹಾಕ್ಬೇಕು, ಮೇಜಿಗೆ ಬಟ್ಟೆ ಹಾಸೋಣ ಅಂತ ಹೋದ್ರೆ ಆಲ್ವಿನ್ ಒಳಗೇ ಬಿಡ್ಲಿಲ್ಲ. ಕಣಜದ ಗೂಡಿದೆಯಂತೆ! ತರಿಸಿರೋದು ಸರ್ಕಸ್ಸಿನಷ್ಟು ದೊಡ್ಡ ಡೇರೆ, ತಿನ್ನೋರು ಬೆರಳೆಣಿಕೆ ಜನ, ಅದರ ಮೇಲೆ ಕಣಜ.”

“ಡೇರೆ ತರಿಸಿದ್ದು ಯಾರು?”

“ಆಲ್ವಿನ್ನೇ.”

ಹೆಸ್ಟರ್ ಒಂದು ತುಂಡು ಪ್ಲಮ್ ಬ್ರೆಡ್ ಬಾಯಿಗೆ ಹಾಕಿಕೊಂಡು ಹೊರಗೆ ನಡೆದಳು. ಇಷ್ಟು ರುಚಿಯಾದ ಬ್ರೆಡ್ಡನ್ನು ಅವಳು ಬಹಳ ದಿನದಿಂದ ತಿಂದಿರಲಿಲ್ಲ. ಬ್ರೆಡ್ ಎಂದಿನದೇ, ಮನಸ್ಸು ಹಗುರವಾಗಿತ್ತು.

ಹ್ಯಾಂಗರಿನ ಹಿಂದಿನ ಬೇಲಿಯಲ್ಲಿ ಮುಳ್ಳಿನ ಗಿಡಗಳು ಬಿಳಿ ಹೂ ಬಿಟ್ಟು ನಿಂತಿದ್ದವು. ಮೇ ತಿಂಗಳಲ್ಲಿ ಎಲ್ಲ ಕಡೆ ಹಾಗೆಯೇ. ಆದರೆ ಒಂದು ಜಾಗದಲ್ಲಿ ಮಾತ್ರ ಬೇಲಿ ಬೋಳಾಗಿತ್ತು. ಹೂವೆಲ್ಲ ಹಿಂದಿನ ಹೊಲಕ್ಕೆ ಬೀಸಣಿಗೆಯ ಆಕಾರದಲ್ಲಿ ಚೆಲ್ಲಿ ಬಿದ್ದಿತ್ತು. ಅಲ್ಲೇ ಬೇಲಿಗೆ ಒತ್ತಿಕೊಂಡು, ಟಾರ್ಪಾಲಿನ್ ಹೊದ್ದು, ಒಂದು ಟ್ರೇಲರ್ ನಿಂತಿತ್ತು.

ಅದು ಯಾರದೆಂದು ಮೈದಾನದ ನಾಯಿಗೂ ಗೊತ್ತು. ಮೇಬಲ್‌ಳ ಇಂಜಿನ್ ಜಾತಿಯದೇ ಒಂದು ಇಂಜಿನ್ನನ್ನು ಟ್ರೇಲರ್ ಮೇಲೆ ಕೂರಿಸಿ, ಮುಂದೆ ಮೋಟು ಪ್ರೊಪೆಲ್ಲರ್ ಸಿಕ್ಕಿಸಿ, ಬೇಸಿಗೆಯ ಸಂತೆಗಳಲ್ಲಿ ಚಾಲೂ ಮಾಡಿ ಕೇಳಿಸುವುದು ಆಲ್ವಿನ್ ಪಾಸ್ಕ್‌ನ ಹವ್ಯಾಸ. ಆ ಸದ್ದು ಕೇಳಲೆಂದೇ ಜನ ಸಾಲುಗಟ್ಟಿ ನಿಲ್ಲುತ್ತಿದ್ದರು, ಕೆಲವರು ಅತ್ತೂಬಿಡುತ್ತಿದ್ದರು.

ಹೆಸ್ಟರ್ ಟಾರ್ಪಾಲಿನ್ ಅಡಿಗೆ ಕೈ ತೂರಿಸಿದಳು. ಇಂಜಿನ್ ಇನ್ನೂ ಬೆಚ್ಚಗಿತ್ತು.

ಖಾಲಿ ಹ್ಯಾಂಗರಿನಲ್ಲಿ ಆಲ್ವಿನ್ ಸಿಳ್ಳೆ ಹಾಕುತ್ತ ನೆಲ ಗುಡಿಸುತ್ತಿದ್ದ. ಮೇಬಲ್‌ಳನ್ನು ಮೂವತ್ತು ವರ್ಷ ಬಿಚ್ಚಿ, ಕಟ್ಟಿ, ಒರೆಸಿ, ಗದರಿಸಿ ಸಾಕಿದ ಇಂಜಿನಿಯರ್ ಅವನು. ಉದ್ದ ಕಾಲು, ಎಣ್ಣೆ ಕುಡಿದ ಟೋಪಿ. ಮಗಳಂಥವಳು ಕಳೆದುಹೋದ ದಿನ ಸಿಳ್ಳೆ ಹಾಕುವ ಮನುಷ್ಯನಲ್ಲ ಎಂದು ಹೆಸ್ಟರ್‌ಗೆ ಚೆನ್ನಾಗಿ ಗೊತ್ತಿತ್ತು.

“ಆಲ್ವಿನ್, ಕಣಜ ಕಚ್ಚಿತಾ?”

“ಯಾವ ಕಣಜ?”

“ಡೇರೆಯಲ್ಲಿ ಗೂಡು ಕಟ್ಟಿರೋದು.”

“ಓ, ಅದಾ! ಭಾರೀ ಕಣಜ, ಹೆಸ್ಟರ್. ಹತ್ತಿರ ಹೋಗ್ಬೇಡ.”

“ರೆಕ್ಕೆ ಎಷ್ಟು ಅಗಲ ಇದೆ?”

ಪೊರಕೆ ನಿಂತಿತು. ಸಿಳ್ಳೆಯೂ ನಿಂತಿತು.

“ನೀನು ಏನು ಹೇಳ್ತಿದೀಯೋ ನನಗೆ ತಲೆಬುಡ ತಿಳೀತಿಲ್ಲ.”

“ಸರಿ, ನಾನೇ ಹೇಳ್ತೀನಿ. ಮೇಬಲ್‌ನ ಟ್ರ್ಯಾಕ್ಟರಿಗೆ ಕಟ್ಟಿ ಕಾಂಕ್ರೀಟ್ ದಾರಿಗೆ ಎಳೆದೆ. ಅಲ್ಲಿಂದ ಡೇರೆಗೆ. ಆಮೇಲೆ ಬೇಲಿ ಹತ್ರ ನಿನ್ನ ಇಂಜಿನ್ ಚಾಲೂ ಮಾಡಿ, ಜೋರು ಮಾಡಿ, ನಿಧಾನಕ್ಕೆ ಸಣ್ಣ ಮಾಡಿ ಆರಿಸಿದೆ. ‘ಹೋಯ್ತು, ಹೋಯ್ತು’ ಅಂತ ಮೊದಲು ಕೂಗಿಕೊಂಡು ಗುಡಿಸಲಿಗೆ ಓಡಿಬಂದೋನೂ ನೀನೇ. ನಾವು ಎಂಟೂ ದಿಕ್ಕು ನೋಡಿದ್ವಿ, ಡೇರೆಯೊಂದು ಬಿಟ್ಟು. ಎಲ್ಲರ ಕಿವಿಗೂ ಚೆನ್ನಾಗಿ ಹೂವಿಟ್ಟೆ ಕಣಪ್ಪಾ.”

“ಸಾಕ್ಷಿ?”

“ಬೇಲಿಯ ಹೂವೆಲ್ಲ ಹೊಲದಲ್ಲಿ ಬಿದ್ದಿದೆ. ಇಂಜಿನ್ ಇನ್ನೂ ಬೆಚ್ಚಗಿದೆ. ಬೇಕಾದ್ರೆ ಬಾ, ಡೇರೆಯ ಕಣಜನೂ ಒಂದು ಸಲ ಮಾತಾಡಿಸೋಣ.”

ಆಲ್ವಿನ್ ಪೊರಕೆ ಗೋಡೆಗೆ ಒರಗಿಸಿದ. ಆಮೇಲೆ ಮುಖ ಪೂರ್ತಿ ಸುಕ್ಕಾಗುವ ಹಾಗೆ ನಕ್ಕುಬಿಟ್ಟ.

“ಇಂಜಿನ್ ಸದ್ದು ಮಾತ್ರ ಚೆನ್ನಾಗಿತ್ತು ಅಲ್ವಾ?”

“ಅದ್ಭುತವಾಗಿತ್ತು, ಕಳ್ಳ ನನ್ನ ಮಗನೇ. ಯಾಕೆ ಮಾಡಿದೆ?”

“ಇನ್ನೊಂದು ಬೇಸಿಗೆ ಇಟ್ಕೊಳ್ಳೋಣ ಅಂದೆ ಲಯನೆಲ್‌ಗೆ. ಕೇಳಲಿಲ್ಲ. ಮಗಳನ್ನ ಸಮುದ್ರದಾಚೆ ಮದುವೆ ಮಾಡಿ ಕಳಿಸಿದ ಹಾಗೆ ಆಗ್ತಿತ್ತು ಹೆಸ್ಟರ್, ರಾತ್ರಿ ನಿದ್ದೆ ಬರ್ತಿರ್ಲಿಲ್ಲ. ವಿಮಾನ ಕಾಣೆ ಅಂದ್ರೆ ಆ ನಾರ್ವೆ ಹೆಂಗಸು ಬೇಜಾರಾಗಿ ಹೊರಟುಹೋಗ್ತಾಳೆ, ನಾಳೆ ನಾಳಿದ್ದು ನಾನೇ ಪತ್ತೆ ಮಾಡಿದ ಹಾಗೆ ಮಾಡಿದ್ರಾಯ್ತು ಅಂದ್ಕೊಂಡೆ.”

“ಮಧ್ಯಾಹ್ನ ಆ ಡೇರೇಲೇ ಊಟ ಇತ್ತಲ್ಲೋ!”

“ಮಾರಾಟವೇ ಇಲ್ಲ ಅಂದ್ಮೇಲೆ ಊಟ ಎಲ್ಲಿ ಬಂತು?” ಎಂದ ಆಲ್ವಿನ್, ಅದರಷ್ಟು ಜಾಣ ಯೋಚನೆ ಬೇರೆ ಇಲ್ಲ ಎಂಬಂತೆ. “ಆದ್ರೆ ಆ ಹೆಂಗಸು ಬೇಜಾರೇ ಆಗ್ತಿಲ್ಲ. ತಿಂತಾನೇ ಇದಾಳೆ.”

ಹೆಸ್ಟರ್‌ಗೆ ನಗು ತಡೆಯಲಾಗಲಿಲ್ಲ. “ಸರಿ, ಡೇರೆಯೊಳಗೆ ನೂಕೋಕೆ ಜೊತೆಗೆ ಯಾರಿದ್ರು? ಮೇಬಲ್‌ನ ಅಲುಗಾಡಿಸೋಕೆ ನಾಲ್ಕು ಜನ ಬೇಕಲ್ಲ.”

“ಯಾರೂ ಇಲ್ಲ. ಹೊದಿಕೆ ಸಮೇತ ಒಬ್ಬನೇ ನೂಕಿದೆ. ನನ್ನ ಕೈ ಅಂದ್ರೆ ಅವಳಿಗೆ ಪ್ರೀತಿ, ಮಗುವಿನ ಗಾಡಿ ತಳ್ಳಿದ ಹಾಗೆ ಬಂದ್ಲು.”

ಹೆಸ್ಟರ್‌ಳ ತಲೆಯಲ್ಲಿ ಏನೋ ಚುಚ್ಚಿತು. ಆದರೆ ಅದಕ್ಕಿಂತ ಮುಖ್ಯವಾದ ಮಾತು ನಾಲಿಗೆಯ ತುದಿಯಲ್ಲಿತ್ತು.

“ಆಲ್ವಿನ್, ಜೋಸ್ಲಿನ್ ಮೇಲೆ ಕಳ್ಳತನದ ಅಪವಾದ ಬಂದಿದೆ. ಊಟದ ಹೊತ್ತಿಗೆ ಪೊಲೀಸು.”

ಅವನ ನಗು ಆರಿಹೋಯಿತು. “ಅವಳು ವ್ಯಾನಿನಲ್ಲಿ ಮಲಗಿದಾಳೆ ಅಂದ್ಕೊಂಡಿದ್ದೆ! ಸದ್ದು ಕೇಳಿ ಎಲ್ಲರ ಜೊತೆ ಅವಳೂ ಓಡಿಬರ್ತಾಳೆ, ಅವಳ ಹೆಸರು ಯಾರೂ ಎತ್ತಲ್ಲ ಅಂದ್ಕೊಂಡಿದ್ದೆ. ವ್ಯಾನ್ ಖಾಲಿ ಅಂದಾಗ ಎದೆ ಧಸಕ್ ಅಂತು. ಆಮೇಲೆ ಬಾಯಿ ಬಿಡೋಕೆ ಧೈರ್ಯ ಬರ್ಲಿಲ್ಲ.” ಟೋಪಿ ತೆಗೆದು ಹಿಂಡಿದ. “ನಡಿ. ನಾನೇ ಹೇಳ್ತೀನಿ. ಆ ಹುಡುಗಿಯ ಹಾರಾಟ ನನ್ನಿಂದ ಹೋದ್ರೆ ನಾನು ಮನುಷ್ಯನಾ?”

ಆಲ್ವಿನ್ ಡೇರೆಯ ಮುಂದೆ ನಿಂತು ಹೇಳಿದ, ಒಂದು ಮಾತೂ ಬಚ್ಚಿಡಲಿಲ್ಲ. ಆಮೇಲೆ ಬಟ್ಟೆಯ ಗೋಡೆಯನ್ನು ಸರಸರನೆ ಮೇಲೆ ಸುತ್ತಿದ.

ಊಟದ ಮೇಜುಗಳನ್ನೆಲ್ಲ ಮೂಲೆಗೆ ಒತ್ತರಿಸಿ, ಮೂಗಿನಿಂದ ಬಾಲದವರೆಗೆ ಹಸಿರು ಹೊದಿಕೆ ಹೊದ್ದು, ರೆಕ್ಕೆ ಚಾಚಿ ಅವಳು ನಿಂತಿದ್ದಳು. ಹೊದಿಕೆ ಡಾರ್ಕಸ್ ಹೊಲಿದದ್ದು, ಪ್ರತಿ ಹೊಲಿಗೆಯೂ ಅವಳಿಗೆ ಗುರುತಿತ್ತು.

“ನನ್ನ ಕಣಜ!” ಎಂದು ಡಾರ್ಕಸ್ ಕಿರುಚಿ ಆಲ್ವಿನ್‌ನ ಬೆನ್ನಿಗೆ ಒಂದು ಗುದ್ದು ಕೊಟ್ಟು, ಅದೇ ಕೈಯಲ್ಲಿ ಅವನನ್ನು ಅಪ್ಪಿಕೊಂಡಳು. ರಾಗ್ನಿಲ್ಡ್ ನಕ್ಕ ಸದ್ದಿಗೆ ಡೇರೆಯ ಕಂಬ ನಡುಗಿತು. “ವಿಮಾನ ಕೊಳ್ಳೋಕೆ ಬಂದೆ, ನಾಟಕ ಪುಕ್ಕಟೆ ಸಿಕ್ತು! ಏಯ್ ಆಲ್ವಿನ್, ನೀನೂ ನಾರ್ವೆಗೆ ಬಾ. ಅವಳ ಜೊತೆ ನಿನ್ನನ್ನೂ ಸಾಕ್ತೀನಿ.”

“ಅಲ್ಲಿ ಪ್ಲಮ್ ಬ್ರೆಡ್ ಸಿಗುತ್ತಾ?” ಎಂದ ಆಲ್ವಿನ್, ಕಣ್ಣೊರೆಸಿಕೊಳ್ಳುತ್ತ.

ಹೆಸ್ಟರ್‌ಗೆ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. “ಲಯನೆಲ್, ಆ ಫೋನ್ ಇನ್ನು ಒಳಗಿಡು. ಜೋಸ್ಲಿನ್ ಹೆಸರು ಇನ್ನೊಂದು ಸಲ ಎತ್ತಬೇಡ.”

“ಎತ್ತಲ್ಲ, ಎತ್ತಲ್ಲ. ಎಲ್ಲ ಸುಖವಾಗಿ ಮುಗೀತಲ್ಲ,” ಎಂದ ಗಾರ್‌ಸ್ಟಾಂಗ್. ಹೊದಿಕೆಯ ಹಗ್ಗಕ್ಕೆ ಕೈ ಹಾಕಿದ ಆಲ್ವಿನ್‌ನನ್ನು ಅವನು ಗಬಕ್ಕನೆ ತಡೆದ. “ಇರ್ಲಿ ಬಿಡಯ್ಯ! ಹೊದಿಕೆ ಈಗ ತೆಗೀಬೇಡ. ತೇವ ಇದೆ. ಮೊದಲು ಊಟ, ಆಮೇಲೆ ರುಜು, ಆಮೇಲೆ ಅದೆಲ್ಲ.”

ಕಳೆದುಹೋದ ವಿಮಾನ ಸಿಕ್ಕಿದಾಗ ಅದರ ಮುಖ ನೋಡಬೇಕು ಅನ್ನಿಸದ ಒಡೆಯನನ್ನು ಹೆಸ್ಟರ್ ಇದುವರೆಗೆ ಕಂಡಿರಲಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಡಾರ್ಕಸ್ ಕೈ ಎತ್ತಿದಳು.

“ಶ್! ಕೇಳಿ.”

ಮಂಜು ಹರಿದು ನೀಲಿ ಆಕಾಶ ಇಣುಕುತ್ತಿತ್ತು. ದೂರದಲ್ಲಿ ಇಂಜಿನ್ ಸದ್ದು.

“ಅತಿಥಿಗಳು ಬಂದ್ರು ಅಂತ ಕಾಣುತ್ತೆ,” ಎಂದಳು ರಾಗ್ನಿಲ್ಡ್.

“ಅಲ್ಲ,” ಎಂದ ಆಲ್ವಿನ್. ಅವನ ಮುಖದ ಬಣ್ಣ ಬದಲಾಗಿತ್ತು. “ಆ ಸದ್ದು ನನಗೆ ಗೊತ್ತು.”

ಬೆಳಗಿನ ಸದ್ದು ಒಂದೇ ಕಡೆ ನಿಂತು ಗರ್ಜಿಸಿತ್ತು. ಇದು ಹಾಗಲ್ಲ. ಪೂರ್ವದಿಂದ ಬಂತು, ಏರಿತು, ತಲೆಯ ಮೇಲೆ ಆಕಾಶವನ್ನೇ ತುಂಬಿತು. ಬೇಲಿಯ ಮೇಲಿಂದ ಒಂದು ಸ್ಪಿಟ್‌ಫೈರ್ ಚಿಮ್ಮಿ ಬಂದು ಟೀ ಗುಡಿಸಲಿನ ಛಾವಣಿಯ ಮೇಲೆ ರೆಕ್ಕೆ ಅಲ್ಲಾಡಿಸಿತು. ಹೆಂಚು ಗಲಗಲ ಎಂದವು. ಬಿಸಿಲಿಗೆ ಅದರ ಮೂಗಿನ ಮೇಲಿನ ಹಳದಿ ಅಕ್ಷರ ಎಲ್ಲರ ಕಣ್ಣಿಗೂ ಬಿತ್ತು: ಮೇಬಲ್.

ಎಲ್ಲರ ತಲೆಯೂ ಮೇಲಿತ್ತು. ಗಾರ್‌ಸ್ಟಾಂಗ್ ಒಬ್ಬ ಮಾತ್ರ ಹೊದಿಕೆಯನ್ನೇ ನೋಡುತ್ತ ನಿಂತಿದ್ದ. ಹೆಸ್ಟರ್ ಅದನ್ನು ಗಮನಿಸಿದಳು.

ಅವಳು ನೇರವಾಗಿ ಹೋಗಿ ಹಗ್ಗ ಎಳೆದಳು. ಹಸಿರು ಹೊದಿಕೆ ಜಾರಿ ಬಿತ್ತು. ಅದೇ ಬಣ್ಣ, ಅದೇ ಆಕಾರ, ಮೂಗಿನ ಮೇಲೆ ಅದೇ ಹಳದಿ ಹೆಸರು. ಹೆಸ್ಟರ್ ಬೆರಳು ಮಡಚಿ ಅದರ ಹೊಟ್ಟೆಗೆ ಬಡಿದಳು. ಲೋಹದ ಸದ್ದು ಬರಲಿಲ್ಲ. ಸ್ನಾನದ ತೊಟ್ಟಿಗೆ ಬಡಿದ ಹಾಗೆ ಟೊಳ್ಳು ಸದ್ದು. ಮ್ಯೂಸಿಯಮ್ಮುಗಳ ಬಾಗಿಲಲ್ಲಿ ಮಕ್ಕಳ ಫೋಟೋಕ್ಕೆಂದು ನಿಲ್ಲಿಸುತ್ತಾರಲ್ಲ, ಅಂಥ ಪ್ಲಾಸ್ಟಿಕ್ ಬೊಂಬೆ!

ಹುಲ್ಲನ್ನು ಬಗ್ಗಿಸಿ ಮಾತ್ರ ಹೋದ ಚಕ್ರ. ಮಗುವಿನ ಗಾಡಿಯ ಹಾಗೆ ಬಂದ ವಿಮಾನ. ಹೆಸ್ಟರ್ ಹಣೆ ಹಣೆ ಚಚ್ಚಿಕೊಂಡಳು.

“ಹಾಗಾದ್ರೆ,” ಎಂದ ಆಲ್ವಿನ್ ಬಹಳ ಸಣ್ಣ ದನಿಯಲ್ಲಿ, “ಬೆಳಗ್ಗೆ ಅಷ್ಟು ಕಷ್ಟಪಟ್ಟು ನಾನು ಕದ್ದದ್ದು ಏನನ್ನ?”

ಹೊರಗೆ ನಿಜವಾದ ಮೇಬಲ್ ಇಳಿದು, ಎಡಕ್ಕೆ ಇಣುಕಿ ಬಲಕ್ಕೆ ಇಣುಕಿ, ಒದ್ದೆ ನೆಲದಲ್ಲಿ ಆಳವಾದ ಅಂಕುಡೊಂಕು ಗೆರೆ ಬರೆಯುತ್ತ ಡೇರೆಯ ಕಡೆಗೇ ಬರುತ್ತಿದ್ದಳು. ಪ್ರೊಪೆಲ್ಲರ್ ನಿಂತಿತು. ಗಾಜಿನ ಮುಚ್ಚಳ ಸರಿಯಿತು. ಕೆದರಿದ ಕೂದಲಿನ ಜೋಸ್ಲಿನ್ ರೆಕ್ಕೆಯ ಮೇಲಿಂದ ಧುಮುಕಿದಳು. ಮುಖದ ತುಂಬ ಸಂತೋಷ.

“ಕ್ಷಮಿಸಿ, ಕ್ಷಮಿಸಿ, ಎಲ್ಲರೂ ಗಾಬರಿಯಾಗಿದೀರ ಅಂತ ಗೊತ್ತು! ಪಬ್‌ನಿಂದ ಸಿಟ್ಟಲ್ಲಿ ಬಂದೆ, ಮೈದಾನದಲ್ಲಿ ಯಾರೂ ಇರ್ಲಿಲ್ಲ. ಬೆಳಕಿನ್ನೂ ಇತ್ತು, ಕೊನೇ ಸಲ ಒಂದು ಸುತ್ತು ಹಾರೋಣ ಅನ್ನಿಸ್ತು. ಎಂಥಾ ಸಂಜೆ ಆಂಟಿ, ಆಕಾಶ ಎಲ್ಲ ಜೇನು ಸುರಿದ ಹಾಗಿತ್ತು! ತಿರುಗಿ ನೋಡ್ತೀನಿ, ಸಮುದ್ರದಿಂದ ಮಂಜು ಬಂದು ನಮ್ಮ ಮೈದಾನ ನುಂಗಿಬಿಟ್ಟಿದೆ. ಕರಾವಳಿಯ ಒಬ್ಬ ರೈತನ ಹುಲ್ಲುಗಾವಲಲ್ಲಿ ಇಳಿಸಿ ರೆಕ್ಕೆ ಕೆಳಗೆ ಮಲಗಿದೆ. ಅಲ್ಲಿ ಫೋನೂ ಸಿಗಲ್ಲ. ಲಯನೆಲ್, ಬಯ್ಯಬೇಡಿ. ತಂದು ಒಪ್ಪಿಸಿದೀನಿ, ಒಂದು ಗೀರೂ ಬಿದ್ದಿಲ್ಲ. ಡಾರ್ಕಸ್, ಟೀ ಇದ್ಯಾ?”

ಗಾರ್‌ಸ್ಟಾಂಗ್ ಒಂದು ಹೆಜ್ಜೆ ಹಿಂದೆ ಸರಿದ, ಇನ್ನೊಂದು ಹೆಜ್ಜೆ ಹಿಂದೆ ಸರಿದ. ಬೆನ್ನು ಹೋಗಿ ರಾಗ್ನಿಲ್ಡ್‌ಗೆ ತಾಗಿತು. ರಾಗ್ನಿಲ್ಡ್ ಈಗ ನಗುತ್ತಿರಲಿಲ್ಲ, ಏನನ್ನೂ ತಿನ್ನುತ್ತಲೂ ಇರಲಿಲ್ಲ.

ಜೋಸ್ಲಿನ್‌ಳ ಕಣ್ಣು ಆಗ ಡೇರೆಯೊಳಗೆ ಹೋಯಿತು. ತನ್ನ ವಿಮಾನದ ಹೆಸರನ್ನೇ ಬರೆದುಕೊಂಡು ನಿಂತಿದ್ದ ಬೊಂಬೆಯನ್ನು ನೋಡಿದಳು, ಅದರ ಕಾಲ ಬಳಿ ಬಿದ್ದಿದ್ದ ಹಸಿರು ಹೊದಿಕೆಯನ್ನು ನೋಡಿದಳು.

“ಇದನ್ನ ಎಲ್ಲಿಂದ ತಂದ್ರಿ?”

“ಹ್ಯಾಂಗರಿನಿಂದ,” ಎಂದ ಆಲ್ವಿನ್. “ಹೊದಿಕೆ ಹೊದ್ದು ನಿಂತಿತ್ತು. ಬೆಳಗ್ಗೆ ನಾನು ಬಾಗಿಲು ತೆಗೆದಾಗ.”

ಜೋಸ್ಲಿನ್ ಹೆಸ್ಟರ್‌ಳ ಕೈ ಹಿಡಿದುಕೊಂಡಳು.

“ಆಂಟಿ, ಆ ಹೊದಿಕೆ ನಾನೇ ಮಡಚಿ ಮೂಲೇಲಿಟ್ಟು, ಬಾಗಿಲಿಗೆ ಬೀಗ ಹಾಕಿ ಹೋಗಿದ್ದೆ. ಬೀಗದ ಕೈ ನನ್ನ, ಆಲ್ವಿನ್, ಲಯನೆಲ್ ಹತ್ರ ಬಿಟ್ರೆ ಬೇರೆ ಯಾರ ಹತ್ರವೂ ಇಲ್ಲ. ಒಳಗೆ ಏನೂ ಇರ್ಲಿಲ್ಲ.”